ದೂರದೂರಿಗೆ ಕೊಟ್ಟ ಹೆಣ್ಣುಮಕ್ಕಳು

ಕಿಡ್ನಿ ವಾರ್ಡಿಗೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಈಗಲೂ ಒಮ್ಮೊಮ್ಮೆ ಸಿಕಂದರಾಬಾದಿನ ನಮ್ಮ ಮನೆಗೆ ಬರುತ್ತಾರೆ. ನಿವೃತ್ತಳಾದ ಈ ಮುದುಕಿಯ ಹತ್ತಿರ ಏನೋ ಗುಟ್ಟು ಇರಬೇಕೆಂದು ಅವರ ಎಣಿಕೆ. ರೋಗಿಯ ಜೊತೆ ಮೊದಲ ಮಾತು ಹೇಗೆ ಶುರು ಮಾಡಬೇಕು ಮೇಡಂ ಎಂದು ಕೇಳುತ್ತಾರೆ. ಮಾತು ಹೇಗಾದರೂ ಶುರು ಮಾಡಿ, ಎಳನೀರು ಮಾತ್ರ ಒಯ್ಯಬೇಡಿ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ನಿಜವಾಗಿಯೂ ಒಯ್ದಿದ್ದೆ ಎಂದು ಹೇಳಿದಾಗ ನಗು ನಿಲ್ಲಿಸಿ ಮುಖ ನೋಡುತ್ತಾರೆ.

ಅದು ಕೆಲಸಕ್ಕೆ ಸೇರಿದ ಮೊದಲ ವಾರ. ಡಯಾಲಿಸಿಸ್‌ಗೆಂದು ಬಂದು ಮಲಗಿದ್ದ ಹಿರಿಯ ಮೇಷ್ಟ್ರೊಬ್ಬರು ಬಾಯಿ ಒಣಗುತ್ತಿದೆ ಎಂದರು. ನಮ್ಮ ಆಸ್ಪತ್ರೆಯ ಗೇಟಿನ ಹೊರಗೆ ಎಳನೀರಿನ ಗಾಡಿಗಳು ಸಾಲಾಗಿ ನಿಂತಿರುತ್ತಿದ್ದವು. ಕಾಯಿಲೆ ಬಿದ್ದವರಿಗೆ ಎಳನೀರಿಗಿಂತ ಒಳ್ಳೆಯದು ಬೇರೇನಿದೆ ಎಂದುಕೊಂಡು ದೊಡ್ಡದೊಂದು ಕಾಯಿ ಕೊಚ್ಚಿಸಿಕೊಂಡು ಬಂದೆ. ಹೆಡ್ ನರ್ಸ್ ನನ್ನ ಕೈಯಿಂದ ಅದನ್ನು ಕಸಿದುಕೊಂಡು ತೊಟ್ಟಿಗೆ ಎಸೆದರು. ಕಿಡ್ನಿ ಕೆಟ್ಟವರಿಗೆ ಎಳನೀರಿನ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಹುದಂತೆ. "ಮಾತಾಡಲಿಕ್ಕೆ ನೇಮಿಸಿದ್ದಾರೋ, ಕೊಲ್ಲಲಿಕ್ಕೋ?" ಎಂದು ವಾರ್ಡಿಗೆಲ್ಲ ಕೇಳುವಂತೆ ಬೈದರು. ಪುಣ್ಯಕ್ಕೆ ಮೇಷ್ಟ್ರು ಒಂದು ಗುಟುಕೂ ಕುಡಿದಿರಲಿಲ್ಲ. ಬೇರೆ ಎಲ್ಲ ಕಡೆ ಒಳ್ಳೆಯದಾದದ್ದು ಈ ವಾರ್ಡಿನಲ್ಲಿ ಕೆಟ್ಟದ್ದಾಗಬಹುದು ಎಂಬ ಪಾಠ ನನಗೆ ಅಂದೇ ಆಯಿತು.

ನನ್ನ ಪರಿಚಯ ಎರಡು ಮಾತಿನಲ್ಲಿ ಮುಗಿಯುತ್ತದೆ. ತಂದೆ ಕಲಬುರಗಿ ಕಡೆಯವರು, ರೈಲ್ವೆ ನೌಕರಿ ಹಿಡಿದು ಸಿಕಂದರಾಬಾದಿಗೆ ಬಂದವರು. ನಾನು ಇಲ್ಲೇ ಹುಟ್ಟಿ ಇಲ್ಲೇ ಬೆಳೆದೆ. ಮನೆಯಲ್ಲಿ ಕನ್ನಡ, ಕೆಲಸದಲ್ಲಿ ತೆಲುಗು, ಆಟೋದವರ ಜೊತೆ ಜಗಳಕ್ಕೆ ಹಿಂದಿ. ಸಮಾಜಕಾರ್ಯ ಓದಿ ಸರಕಾರಿ ಆಸ್ಪತ್ರೆ ಸೇರಿದವಳನ್ನು ಕಿಡ್ನಿ ವಿಭಾಗಕ್ಕೆ ಹಾಕಿದರು, ನಿವೃತ್ತಿಯವರೆಗೆ ಅಲ್ಲೇ ಉಳಿದೆ. ಆಗ ಆಂಧ್ರಪ್ರದೇಶ ಇಬ್ಭಾಗವಾಗಿರಲಿಲ್ಲ. ಶ್ರೀಕಾಕುಳದಿಂದ ಅನಂತಪುರದವರೆಗಿನ ಕೆಟ್ಟ ಕಿಡ್ನಿಗಳೆಲ್ಲ ರಾಜಧಾನಿಯ ದಾರಿ ಹಿಡಿದು ನಮ್ಮ ಬಾಗಿಲಿಗೇ ಬರುತ್ತಿದ್ದವು.

ನನ್ನ ಕೆಲಸ ಕೊಡುವವರನ್ನು ಹುಡುಕುವುದು. ಈಗ ಸತ್ತವರ ಕಿಡ್ನಿಗೂ ಸರದಿ ಇದೆ, ಕಂಪ್ಯೂಟರು ಇದೆ. ಆಗ ಬದುಕಿರುವ ಮನೆಯವರೇ, ಹೆಚ್ಚಾಗಿ ರಕ್ತಸಂಬಂಧಿಯೇ, ಕೊಡಬೇಕಿತ್ತು. ನಮ್ಮ ದೊಡ್ಡ ಡಾಕ್ಟರು, ಎಂದರೆ ವಿಭಾಗದ ಮುಖ್ಯಸ್ಥರು, ನನಗೆ ಒಂದು ಪದ್ಧತಿ ಕಲಿಸಿದ್ದರು. ರೋಗಿಯ ಮನೆಯವರನ್ನೆಲ್ಲ ಕೂರಿಸಿಕೊಂಡು ಹಾಳೆಯ ಮೇಲೆ ಅವರ ವಂಶದ ನಕ್ಷೆ ಬರೆಯಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಒಬ್ಬೊಬ್ಬರನ್ನೇ ಪರೀಕ್ಷೆಗೆ ಕಳಿಸಿ, ಆಗದವರನ್ನು ಹೊಡೆದು ಹಾಕುತ್ತ ಹೋಗಬೇಕು. ಉಳಿದವರ ಜೊತೆ ಮಾತಾಡಿ, ಯಾರೂ ಹೆದರಿಸಿ ಒಪ್ಪಿಸಿಲ್ಲ ಎಂದು ಖಾತರಿ ಮಾಡಿಕೊಳ್ಳಬೇಕು. ಡಾಕ್ಟರು ಹೊಟ್ಟೆ ಬಿಡಿಸಿ ನೋಡುವವರು, ನಾನು ಸಂಸಾರ ಬಿಡಿಸಿ ನೋಡುವವಳು. ಎರಡರಲ್ಲಿ ಯಾವುದರಲ್ಲಿ ರಕ್ತ ಹೆಚ್ಚು ಎಂದು ಹೇಳುವುದು ಕಷ್ಟ.

ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಒಂದು ವಿಚಾರ ನನ್ನ ಗಮನಕ್ಕೆ ಬಂತು. ಮುಂಬೈ ರಸ್ತೆಯ ಎರಡೂ ಬದಿಗೆ ಔಷಧಿ, ಬಣ್ಣ, ರಾಸಾಯನಿಕಗಳ ಕಾರ್ಖಾನೆಗಳು ಎದ್ದಿದ್ದ ಕಾಲ. ಅವುಗಳ ಕೊಳಚೆ ಹರಿದು ಸೇರುವ ಕೆರೆಗಳ ಸುತ್ತ ಹಳ್ಳಿಗಳಿದ್ದವು. ಅಲ್ಲಿಂದ ಒಬ್ಬ ರೋಗಿ ಬಂದರೆ ಮನೆಮಂದಿಯೆಲ್ಲ ಜೀಪು ತುಂಬಿಕೊಂಡು ಬರುತ್ತಿದ್ದರು. ನಾ ಕೊಡ್ತೀನಿ, ತಾ ಕೊಡ್ತೀನಿ ಎಂದು ತಮ್ಮಲ್ಲೇ ಜಗಳ. ತಾಯಿಯನ್ನು ಪರೀಕ್ಷೆಗೆ ಕಳಿಸಿದರೆ ಆಕೆಯ ಕಿಡ್ನಿಯೂ ಸರಿ ಇರುತ್ತಿರಲಿಲ್ಲ. ತಮ್ಮನನ್ನು ಕಳಿಸಿದರೆ ಅವನದೂ ಅಷ್ಟೆ. ತಮಗೆ ಕಾಯಿಲೆ ಇದೆ ಎಂಬುದು ಅವರಿಗೆ ಗೊತ್ತಾಗುತ್ತಿದ್ದದ್ದೇ ಹಾಗೆ. ಕೊಡಲು ಬಂದವರು ರೋಗಿಗಳಾಗಿ ಮನೆಗೆ ಹೋಗುತ್ತಿದ್ದರು.

ನಕ್ಷೆಯಲ್ಲಿ ಕೊನೆಗೆ ಉಳಿಯುತ್ತಿದ್ದವಳು ಒಬ್ಬಳೇ, ಬೇರೆ ಊರಿಗೆ ಮದುವೆ ಮಾಡಿ ಕೊಟ್ಟ ಮಗಳು. ಇದು ಒಂದು ಮನೆಯ ಕಥೆಯಾಗಿದ್ದರೆ ಸುಮ್ಮನಿರುತ್ತಿದ್ದೆ. ಮನೆ ಬದಲಾದರೂ ನಕ್ಷೆ ಬದಲಾಗುತ್ತಿರಲಿಲ್ಲ. ಹಾಳೆಗಳನ್ನು ಹಿಡಿದು ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಅವರ ಮಾತು ತೆಲುಗಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ವಂಶದ ದೋಷ ಇರಬಹುದಮ್ಮ" ಎಂದರು.

"ಹೆಣ್ಣುಮಕ್ಕಳೂ ಅದೇ ವಂಶದವರಲ್ಲವೇ ಸಾರ್? ಹೊರಗಿನಿಂದ ಬಂದ ಸೊಸೆಯಂದಿರನ್ನು ನೋಡಿ. ಹೊಸದಾಗಿ ಬಂದವಳು ಚೆನ್ನಾಗಿದ್ದಾಳೆ. ಬಂದು ಮುದುಕಿಯಾದವಳಿಗೆ ಕಾಯಿಲೆ ಇದೆ. ಅವಳಿಗೆ ಯಾವ ವಂಶದ್ದು?"

ಅವರು ಕನ್ನಡಕ ತೆಗೆದು ಹಾಳೆಗಳನ್ನು ಒಂದೊಂದಾಗಿ ಮತ್ತೆ ನೋಡಿದರು. ಸಿಡುಕಿನ ಮನುಷ್ಯ, ಆದರೆ ಮೋಸದವರಲ್ಲ. ಸಂಬಂಧಪಟ್ಟ ಇಲಾಖೆಗೆ ಬರೆದರು. ಅಲ್ಲಿಂದ ಬಂದ ಅಧಿಕಾರಿ ಮರ್ಯಾದೆಯಿಂದಲೇ ಚಹಾ ಕುಡಿದು, ಯಾವ ಕಾರ್ಖಾನೆಯ ಯಾವ ವಿಷ ಯಾರ ಕಿಡ್ನಿಗೆ ಹೋಯಿತೆಂದು ತೋರಿಸಿ ಎಂದರು. ಅದನ್ನು ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಸಕ್ಕರೆ ಕಾಯಿಲೆ, ಬಿಪಿ, ಸಿಕ್ಕ ಸಿಕ್ಕ ನೋವಿನ ಮಾತ್ರೆ, ಕಿಡ್ನಿ ಕೆಡಲು ನೂರು ಕಾರಣ ಎಂದು ಅವರೇ ನಮಗೆ ವಿವರಿಸಿ ಹೋದರು. "ನೀವು ಹೇಳುವುದು ನಿಜವೇ ಇರಬಹುದು" ಎಂದು ದೊಡ್ಡ ಡಾಕ್ಟರು ಆಮೇಲೆ ನನಗೆ ಹೇಳಿದರು. "ಆದರೆ ನಮ್ಮ ಕೆಲಸ ಈ ಕಾಂಪೌಂಡ್ ಗೋಡೆಗೆ ಮುಗಿಯುತ್ತದೆ. ಒಳಗೆ ಬಂದವರನ್ನು ನೋಡೋಣ." ಅಂದು ಆ ಮಾತು ನನಗೆ ಸರಿ ಎನ್ನಿಸಿತು. ಇಂದು ಎನ್ನಿಸುವುದಿಲ್ಲ.

ಆ ಊರುಗಳಲ್ಲೊಂದರಿಂದ ಶಿವರಾಜ ಬಂದ. ಮನೆಯಲ್ಲಿ ಕನ್ನಡ ಮಾತಾಡುವ ಕುಟುಂಬ. ಬೀದರ್ ಕಡೆಯಿಂದ ಮುತ್ತಜ್ಜನ ಕಾಲಕ್ಕೆ ಬಂದು ನೆಲೆಸಿದವರು. ಹಾಗಾಗಿ ನೇರವಾಗಿ ನನ್ನ ಪಾಲಿಗೆ ಬಂದರು. ಕೆರೆಯ ಕೆಳಗೆ ಹೊಲ, ಮನೆಯಲ್ಲಿ ಎಮ್ಮೆ, ಹೆಂಡತಿ ಶಾಂತಾಬಾಯಿ, ಏಳನೆಯ ತರಗತಿಯ ಮಗ ವಿಶ್ವ. ಶಿವರಾಜನಿಗೆ ಎರಡೂ ಕಿಡ್ನಿ ಹೋಗಿದ್ದವು. ದಿನಕ್ಕೆ ಇಷ್ಟೇ ನೀರು ಎಂದು ಅಳೆದು ಕೊಡುತ್ತಿದ್ದೆವು. ಅವನು ಆ ಲೋಟವನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ತುಟಿಗೆ ಮುಟ್ಟಿಸಿ ಮುಟ್ಟಿಸಿ ಇಡುವುದನ್ನು ನೋಡಿದರೆ ನನ್ನ ಗಂಟಲೇ ಒಣಗುತ್ತಿತ್ತು.

ತಾಯಿಯನ್ನು ನೋಡಿದೆವು, ಆಗಲಿಲ್ಲ. ತಮ್ಮನದೂ ಆಗಲಿಲ್ಲ. ಶಾಂತಾಬಾಯಿಯ ರಕ್ತದ ಗುಂಪು ಹೊಂದಲಿಲ್ಲ. ನಾನು ನಕ್ಷೆಯ ಮೇಲೆ ಬೆರಳಿಟ್ಟು, ಹೊರಗೆ ಕೊಟ್ಟ ಅಕ್ಕತಂಗಿಯರಿದ್ದಾರೆಯೇ ಎಂದು ಕೇಳಿದೆ. ಒಬ್ಬಳೇ ತಂಗಿ, ಮಹಾನಂದಾ, ಜಹೀರಾಬಾದಿನ ಆಚೆ ಕೊಟ್ಟಿದೆ ಎಂದರು.

ಮಹಾನಂದಾ ಹೇಳಿಕಳಿಸಿದ ಮರುದಿನವೇ ಬಸ್ಸಿಳಿದು ಬಂದಳು. ಸಣ್ಣ ಮೈಕಟ್ಟಿನ, ಜೋರು ಬಾಯಿಯ ಹೆಣ್ಣುಮಗಳು. ನಾನು ಅಪಾಯ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ತಡೆದಳು.

"ಅಕ್ಕಾರ, ಹೆದರಿಸೂದು ಆಮ್ಯಾಲ ಮಾಡ್ರಿ. ಮದಲ ನನ್ನದು ಹೊಂದ್ತೈತೋ ಇಲ್ಲೋ ನೋಡ್ರಿ. ನಮ್ಮಣ್ಣ ನೀರಿಗೆ ಬಾಯಿ ಬಿಡಾಕತ್ತಾನ."

ಅವಳದು ಹೊಂದಿತು. ಎರಡೂ ಕಿಡ್ನಿ ಒಳ್ಳೆಯ ಸ್ಥಿತಿಯಲ್ಲಿದ್ದವು. ಡಾಕ್ಟರು ಖುಷಿಪಟ್ಟರು. ಆದರೆ ಕೊಟ್ಟ ಹೆಣ್ಣುಮಗಳ ಕಿಡ್ನಿಯನ್ನು ಅವಳೊಬ್ಬಳೇ ಕೊಡಲಾಗುತ್ತದೆಯೇ? ಗಂಡ, ಅತ್ತೆ, ಇಬ್ಬರು ಹಿರಿಯರು ಬಂದರು. ಹೊರರೋಗಿಗಳ ವಿಭಾಗದ ಹಿಂದಿನ ಬೇವಿನ ಮರದ ಕೆಳಗೆ ಎರಡೂ ಕಡೆಯವರು ಎದುರುಬದುರು ಕೂತರು. ನಾನು ನಡುವೆ ಕೂತೆ.

ಗಂಡ ಒಳ್ಳೆಯವನು, ಬಾಯಿ ಇಲ್ಲದವನು. ಮಾತಾಡಿದ್ದು ಅತ್ತೆ. "ನಾ ಬ್ಯಾಡ ಅನ್ನಂಗಿಲ್ರಿ" ಎಂದಳು. "ಒಡಹುಟ್ಟಿದಾಂವ, ಸಾಯ್ಲಿ ಅಂತ ಹ್ಯಾಂಗ ಅನ್ನೂದು? ಆದ್ರ ನಮಗೊಂದು ಹುಡುಗಿ ಐತಿ. ತಾಯಿಗೆ ಒಂದ ಕಿಡ್ನಿ ಅಂತ ನಾಕು ಮಂದಿಗೆ ಗೊತ್ತಾದ್ರ ನಾಳಿ ಆ ಹುಡುಗೀಗೆ ಯಾರು ಬರ್ತಾರ? ತಾಯಿದು ಮಗಳಿಗೂ ಬರ್ತೈತಿ ಅಂತಾರ ಮಂದಿ."

ಕೊಟ್ಟವರಿಗೆ ತೊಂದರೆಯಿಲ್ಲ, ಮಕ್ಕಳಿಗೆ ಏನೂ ಬರುವುದಿಲ್ಲ ಎಂದು ನಾನು ಹೇಳುವುದನ್ನೆಲ್ಲ ಹೇಳಿದೆ. ಮಂದಿಯ ಬಾಯಿಗೆ ನನ್ನ ಮಾತು ಯಾವ ಲೆಕ್ಕ? ಆಗ ಶಾಂತಾಬಾಯಿ ಎದ್ದು ಮಹಾನಂದಾಳ ಅತ್ತೆಯ ಮುಂದೆ ಸೆರಗು ಒಡ್ಡಿದಳು.

"ಅಂಬಿಕಾನ್ನ ನಮಗ ಕೊಡ್ರಿ. ಹ್ಯಾಂಗೂ ವಿಶ್ವನಿಗೆ ಅತ್ತೀ ಮಗಳಲ್ಲೇನು? ಇವತ್ತ ಮಾತು ಕೊಡ್ತೀನಿ. ಏನೂ ಕೇಳಂಗಿಲ್ಲ, ಉಟ್ಟ ಸೀರಿ ಮ್ಯಾಲ ಕರಕೊಂಡು ಹೋಗ್ತೀನಿ. ನನ್ನ ಗಂಡನ್ನ ಉಳಿಸಿದಾಕಿ ಮಗಳು ಅಂತ ತಲೀ ಮ್ಯಾಲ ಇಟಗೊಂಡು ನೋಡಕೋತೀನಿ."

ಅತ್ತೆಯ ಕಣ್ಣು ತುಂಬಿತು. ಹಿರಿಯರು ಹೌದೌದು ಎಂದರು. ಯಾರೋ ಕ್ಯಾಂಟೀನಿನಿಂದ ಸಕ್ಕರೆ ತಂದು ಎಲ್ಲರ ಕೈಗೆ ಹಾಕಿದರು, ನನಗೂ ಹಾಕಿದರು. ಐದನೆಯ ತರಗತಿಯ ಹುಡುಗಿ ಅಂಬಿಕಾ, ತನ್ನ ಊರಿನ ಶಾಲೆಯಲ್ಲಿ ಆ ಹೊತ್ತಿಗೆ ಮಗ್ಗಿ ಹೇಳುತ್ತಿದ್ದಿರಬೇಕು. ನನಗೂ ಸಂತೋಷವೇ ಆಯಿತು. ಎಂಥ ಒಳ್ಳೆಯ ಜನ ಎಂದು ಮನೆಗೆ ಬಂದು ನಮ್ಮವರ ಮುಂದೆ ಹೊಗಳಿದೆ. ಈಗಲೂ ಹಾಗೇ ಹೇಳುತ್ತೇನೆ, ಆ ಮರದ ಕೆಳಗೆ ಕೆಟ್ಟವರು ಒಬ್ಬರೂ ಇರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಹೊಸ ಕಿಡ್ನಿ ಮೇಜಿನ ಮೇಲೇ ಕೆಲಸ ಶುರು ಮಾಡಿತೆಂದು ಡಾಕ್ಟರು ಹೇಳಿದರು. ನಮ್ಮ ವಾರ್ಡಿನಲ್ಲಿ ಮೂತ್ರದ ಚೀಲ ತುಂಬಿದರೆ ಹಬ್ಬ. ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಕೆಲವು ದಿನಗಳಾದ ಮೇಲೆ ದೊಡ್ಡ ಡಾಕ್ಟರು ಶಿವರಾಜನ ಭುಜ ತಟ್ಟಿ, ಇನ್ನು ಮೇಲೆ ನೀರು ಚೆನ್ನಾಗಿ ಕುಡಿಯಬೇಕು, ಎಷ್ಟು ಕುಡಿದರೂ ಒಳ್ಳೆಯದೇ ಎಂದರು. ಅವನು ನಂಬದೆ ನನ್ನ ಮುಖ ನೋಡಿದ. ಹೌದು ಎಂದು ತಲೆಯಾಡಿಸಿದೆ. ಶಾಂತಾಬಾಯಿ ಚೊಂಬು ತುಂಬಿ ಕೊಟ್ಟಳು. ಅವನು ಕಣ್ಣು ಮುಚ್ಚಿ ಗಟಗಟ ಕುಡಿದ. ನೀರು ಗದ್ದದಿಂದ ಇಳಿದು ಎದೆ ತೊಯ್ದಿತು. ಪಕ್ಕದ ಹಾಸಿಗೆಯವರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಸಂತೋಷದ ಗಳಿಗೆ ಇನ್ನೊಂದಿಲ್ಲ.

ಕೆಲವು ತಿಂಗಳು ಆಸ್ಪತ್ರೆಯ ಹತ್ತಿರವೇ ಒಂದು ಕೋಣೆ ಮಾಡಿಸಿ ಇಟ್ಟೆವು. ಆಮೇಲೆ ಊರಿಗೆ ಹೋಗುತ್ತೇನೆ ಎಂದ. ನಿಮ್ಮೂರಲ್ಲಿ ನೀರಿಗೆ ಏನು ಮಾಡುತ್ತೀ ಎಂದು ಕೇಳಿದೆ. ಟ್ಯಾಂಕರ್ ಬಂದಾಗ ಟ್ಯಾಂಕರಿನದು, ಬಾರದಾಗ ಬೋರ್‌ವೆಲ್ಲಿನದು ಎಂದ. ಇಲ್ಲೇ ಎಲ್ಲಾದರೂ ಕೆಲಸ ನೋಡು ಎಂದೆ. "ಹೊಲ, ಎಮ್ಮಿ, ಅವ್ವ, ಎಲ್ಲಾ ಅಲ್ಲೇ ಅದಾವ್ರಿ ಅಕ್ಕಾರ. ಇಲ್ಲಿ ಏನು ತಿಂದು ಬದುಕೂದು?" ಎಂದು ನಕ್ಕ. ನೀರು ಕುದಿಸಿ ಕುಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಕುದಿಸಿದರೆ ಕ್ರಿಮಿ ಸಾಯುತ್ತದೆ. ಕಾರ್ಖಾನೆ ಬಿಟ್ಟದ್ದು ಕುದಿಸಿದರೂ ಅಲ್ಲೇ ಇರುತ್ತದೆ. ಇದು ನಮಗೆಲ್ಲ ಗೊತ್ತಿತ್ತು. ಬೇರೇನು ಹೇಳಬೇಕೆಂದು ಗೊತ್ತಿರಲಿಲ್ಲ.

ಎಂಟೊಂಬತ್ತು ವರ್ಷ ಕಿಡ್ನಿ ನಡೆಯಿತು. ಮಹಾನಂದಾ ವರ್ಷಕ್ಕೊಮ್ಮೆ ತನ್ನ ತಪಾಸಣೆಗೆ ಬರುವಾಗ ನನಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತಿದ್ದಳು. ಆಮೇಲೆ ಶಿವರಾಜನ ಕಾಲು ಮತ್ತೆ ಊದಿತು. ಮಾತ್ರೆ ತಪ್ಪಿಸಿದ್ದನೇ, ದೇಹವೇ ಒಲ್ಲೆ ಎಂದಿತೇ, ನೀರೇ ಹಾಳು ಮಾಡಿತೇ? ದೊಡ್ಡ ಡಾಕ್ಟರು ಯಾವುದನ್ನೂ ಖಂಡಿತ ಹೇಳಲಿಲ್ಲ, ಹೇಳಲು ಆಗುವಂತೆಯೂ ಇರಲಿಲ್ಲ. ಮತ್ತೆ ಡಯಾಲಿಸಿಸ್, ಮತ್ತೆ ಅಳೆದು ಕೊಡುವ ನೀರು. ಒಂದು ಬೇಸಿಗೆಯಲ್ಲಿ ಶಿವರಾಜ ತೀರಿಕೊಂಡ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಮಹಾನಂದಾ ತಪಾಸಣೆಗೆ ಬಂದಳು. ಡಾಕ್ಟರು ನೋಡಿ, ಉಳಿದ ಕಿಡ್ನಿ ಬಹಳ ಚೆನ್ನಾಗಿದೆ ಎಂದರು. ಅವಳು ಏಳಲಿಲ್ಲ.

"ಎರಡೂ ನನ್ನ ಹೊಟ್ಟ್ಯಾಗ ಕೂಡೇ ಬೆಳದಿದ್ದುವಲ್ರಿ ಸಾಹೇಬರ" ಎಂದಳು. "ಇಲ್ಲಿರೂದು ಛಲೋ ಐತಿ. ಅಲ್ಲಿಗೆ ಹೋದದ್ದು ಯಾಕ ಕೆಟ್ಟಿತು?"

ನಾನು ತೆಲುಗಿಗೆ ತಿರುಗಿಸಿ ಹೇಳಿದೆ. ಬೇರೆಯವರ ದೇಹದಲ್ಲಿ ಕಿಡ್ನಿ ಎಷ್ಟು ವರ್ಷ ಬಾಳುತ್ತದೆ ಎಂದು ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಅವರು ಹೇಳಿದ್ದು ತಪ್ಪಲ್ಲ. ಅವಳು ತಲೆಯಾಡಿಸಿ ಹೊರಗೆ ಬಂದಳು, ನನ್ನ ಕೋಣೆಯ ಬಾಗಿಲು ಹಾಕಿದಳು. ಜೊತೆಯಲ್ಲಿ ಒಂದು ಎತ್ತರದ ಹುಡುಗಿ ಇದ್ದಳು, ಅಂಬಿಕಾ. ಡಿಗ್ರಿ ಮುಗಿಸಿದ್ದಳು.

"ಸತ್ತ ವರ್ಷದೊಳಗ ಮನ್ಯಾಗ ಮದುವಿ ಆಗಬೇಕು ಅಂತ ಅತ್ತಿಗಿ ಹೇಳಿ ಕಳಿಸ್ಯಾಳ. ಮಾತು ಕೊಟ್ಟೇವಲ್ಲ. ಅಕ್ಕಾರ, ನನ್ನ ಒಂದು ಕಿಡ್ನಿ ಆ ಊರಿಗೆ ಹೋಗಿ ಏನಾತು ನೋಡೀನಿ. ಇನ್ನ ಮಗಳನ್ನ ಹ್ಯಾಂಗ ಕಳಿಸಲಿ?"

ಹಾಗೆಂದು ಅವರಿಗೇ ಹೇಳಬಾರದೇಕೆ ಎಂದೆ.

"ಗಂಡನ್ನ ಕಳಕೊಂಡಾಕಿ ಮುಂದ ನಿಂತು, ನಿಮ್ಮೂರ ನೀರು ವಿಷ, ನಿಮ್ಮ ಮನೀಗೆ ಹೆಣ್ಣು ಕೊಡಂಗಿಲ್ಲ ಅನ್ಲೇನ್ರಿ? ಅಲ್ಲಿಗೆ ನನ್ನ ತವರುಮನಿ ಮುಗೀತು. ನನ್ನ ಅವ್ವ ಇನ್ನ ಜೀವಂತ ಅದಾಳ."

ಅಂಬಿಕಾಳನ್ನು ಕೇಳಿದೆ. "ವಿಶ್ವ ಛಲೋ ಹುಡುಗ ಅದಾನ್ರಿ ಮೇಡಂ" ಎಂದಳು ನೆಲ ನೋಡುತ್ತ. "ಊರು ಬ್ಯಾಡ." ವಿಶ್ವನಿಗೆ ಕೆರೆ ಪಕ್ಕದ ಕಾರ್ಖಾನೆಯಲ್ಲೇ ಕೆಲಸ ಸಿಕ್ಕಿತ್ತು, ಊರು ಬಿಡುವ ಮಾತೇ ಇರಲಿಲ್ಲ.

ಮಹಾನಂದಾ ನನ್ನ ಎರಡೂ ಕೈ ಹಿಡಿದಳು. ಅಂಬಿಕಾಳನ್ನು ಪರೀಕ್ಷೆ ಮಾಡಿದಾಗ ಕಿಡ್ನಿ ಸೊರಗಿದ್ದು ಕಂಡಿತೆಂದು ನಾನು ಶಾಂತಾಬಾಯಿಗೆ ಹೇಳಬೇಕು. ದವಾಖಾನೆಯ ಮೇಡಂ ಬಾಯಿಂದ ಬಂದರೆ ಅವಳು ನಂಬುತ್ತಾಳೆ. ರೋಗದ ಹುಡುಗಿಯನ್ನು ಯಾರು ತಂದುಕೊಳ್ಳುತ್ತಾರೆ? ಮಾತೂ ಮುರಿಯುವುದಿಲ್ಲ, ತವರೂ ಮುರಿಯುವುದಿಲ್ಲ. ಪರೀಕ್ಷೆಯ ವಿಚಾರದಲ್ಲಿ ನಾನು ಅದುವರೆಗೆ ಯಾರಿಗೂ ಸುಳ್ಳು ಹೇಳಿದವಳಲ್ಲ. ಅಂದು ಒಪ್ಪಿಕೊಂಡೆ. ಕಾಂಪೌಂಡ್ ಗೋಡೆಯ ಆಚೆಗೆ ನನ್ನ ಕೈಲಾದ ಕೆಲಸ ಇದೊಂದೇ ಎಂದು ತೋರಿತು.

ಶಾಂತಾಬಾಯಿಯನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಆಗಲೇ ಅವಳೂ ನಮ್ಮ ಹೊರರೋಗಿಗಳಲ್ಲಿ ಒಬ್ಬಳಾಗಿದ್ದಳು. ಮುಂದಿನ ಸಲ ರಕ್ತ ಪರೀಕ್ಷೆಗೆ ಬಂದಾಗ ಕೋಣೆಗೆ ಕರೆದು ಕೂರಿಸಿದೆ. ಮುಖ ಬಾತಿತ್ತು. ಮಗನ ಮದುವೆಗೆ ನೀವೇ ಮುಂದೆ ನಿಲ್ಲಬೇಕು ಎಂದು ಅವಳೇ ಶುರು ಮಾಡಿದಳು. ನಾನು ಕಲಿತ ಪಾಠದ ಹಾಗೆ ಎಲ್ಲ ಹೇಳಿದೆ. ಹುಡುಗಿಯ ಕಿಡ್ನಿ ಚೆನ್ನಾಗಿಲ್ಲ, ಮುಂದೆ ತೊಂದರೆಯಾಗಬಹುದು, ಅವರು ಹೇಳಲು ಸಂಕೋಚಪಡುತ್ತಿದ್ದಾರೆ, ನೀವು ಬೇರೆ ಕಡೆ ಹೆಣ್ಣು ನೋಡಿಕೊಳ್ಳುವುದು ಒಳ್ಳೆಯದು.

ಶಾಂತಾಬಾಯಿ ಎದೆಯ ಮೇಲೆ ಕೈಯಿಟ್ಟು ಕೇಳಿದಳು. ಮುಗಿದ ಮೇಲೆ ನಿರಾಳವಾಗಿ ಉಸಿರು ಬಿಟ್ಟಳು.

"ಇಷ್ಟ ಏನ್ರಿ ಅಕ್ಕಾರ? ಮದುವಿ ಮಾತಿಗೆ ಅವರು ಉತ್ತರ ಕೊಡದ್ದು ನೋಡಿ ನಾ ಏನೋ ದೊಡ್ಡದು ಅಂತ ಹೆದರಿದ್ದೆ. ನಮ್ಮ ಮನ್ಯಾಗ ಯಾರದು ಛಲೋ ಐತಿ ಹೇಳ್ರಿ? ಅತ್ತೀದು ಇಲ್ಲ, ಮೈದುನಂದು ಇಲ್ಲ, ನನ್ನದೂ ಶುರುವಾಗೇತಿ. ನಮ್ಮ ಓಣ್ಯಾಗ ಮನೀಗೊಬ್ಬರು ಅದಾರ. ಬ್ಯಾರೇ ಮನೀಗೆ ಹೋದ್ರ ಆ ಹುಡುಗಿ ಗತಿ ಏನು? ರೋಗ ಗೊತ್ತಾದ ದಿನ ತಿರುಗಿ ಕಳಿಸ್ತಾರ. ಅನ್ನಕ್ಕ ಉಪ್ಪು ಎಷ್ಟು, ಕಾಯಿಪಲ್ಯ ಕುದಿಸಿ ಎಷ್ಟು ಸಲ ನೀರು ಬಸೀಬೇಕು, ಕಾಲು ಬಾತ್ರ ಏನು ಮಾಡಬೇಕು, ಅವರಿಗೇನು ತಿಳೀತೈತಿ? ನಮ್ಮ ಮನ್ಯಾಗ ಎಲ್ಲಾರಿಗೂ ಬರ್ತೈತಿ."

ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮೊಣಕೈ ಮುಟ್ಟಿದಳು.

"ಮಹಾನಂದಾಗ ಹೇಳ್ರಿ, ಚಿಂತಿ ಮಾಡಬ್ಯಾಡ ಅಂತ. ಆಕಿ ಮಗಳನ್ನ ನಾ ಕೈ ಬಿಡಂಗಿಲ್ಲ."

ನನ್ನ ಹತ್ತಿರ ಇನ್ನೊಂದು ಸುಳ್ಳು ಇರಲಿಲ್ಲ. ಮಾಘದಲ್ಲಿ ಮದುವೆಯಾಯಿತು.